ಉಬ್ಬು ಹಲ್ಲು: ನಾಲ್ಕು ತಾಲ್ಲೂಕುಗಳ ಬಾಕಿ ಲೆಕ್ಕ

ದಾವಣಗೆರೆಯಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಆರಂಭವಾದದ್ದು 1979ರಲ್ಲಿ. ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಈಗ ಊರಿನಲ್ಲಿ ಎರಡು ದಂತ ಕಾಲೇಜುಗಳಿವೆ. ಆದರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಳ್ಳಿ ಹೈಸ್ಕೂಲುಗಳಲ್ಲಿ ಉಬ್ಬು ಹಲ್ಲಿನ ಹುಡುಗಿಯರು ನಗುವಾಗ ಇಂದಿಗೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ.

ಹಲ್ಲಿಗೆ ಕ್ಲಿಪ್ ಹಾಕಿಸುವುದೆಂದರೆ ಅಂದ ಮಾಡಿಕೊಳ್ಳುವುದು ಎಂಬ ನಂಬಿಕೆಯೇ ಚಿಕಿತ್ಸೆ ಆಗದಿರಲು ಮೊದಲ ಕಾರಣ. ಮೇಲಿನ ಹಲ್ಲು ಕೆಳಗಿನದಕ್ಕಿಂತ ಎರಡು ಮೂರು ಮಿಲಿಮೀಟರ್ ಮುಂದಿರುವುದು ಸಹಜ. ಅದಕ್ಕಿಂತ ಮುಂದೆ ಚಾಚಿದಷ್ಟೂ, ಆಟದಲ್ಲಿ ಬಿದ್ದಾಗ ಮುಂಬಲ್ಲು ಮುರಿಯುವ ಅಪಾಯ ಹೆಚ್ಚು. ವಂಶದ ಗುಣ, ಬೆರಳು ಚೀಪುವ ಚಟ, ಬಾಯಲ್ಲಿ ಉಸಿರಾಡುವ ಅಭ್ಯಾಸ ಹಲ್ಲು ಹೀಗೆ ಚಾಚಲು ಕಾರಣ. ಬಹಳ ಮಕ್ಕಳಲ್ಲಿ ಕೆಳದವಡೆಯೇ ಚಿಕ್ಕದಿರುತ್ತದೆ. ಚಿಕಿತ್ಸೆ ಬೆಳೆಯುವ ವಯಸ್ಸಿನಲ್ಲಾದರೆ ದವಡೆಯ ಬೆಳವಣಿಗೆಯ ನೆರವು ಪಡೆಯಬಹುದು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಕ್ಲಿಪ್ ನೆನಪಾಗುವುದು ಮಗಳಿಗೆ ಗಂಡು ಹುಡುಕುವಾಗ. ಅಷ್ಟರಲ್ಲಿ ದವಡೆಯ ಬೆಳವಣಿಗೆ ಮುಗಿದಿರುತ್ತದೆ. ಆಗಲೂ ಹಲ್ಲು ಸರಿಪಡಿಸಬಹುದು ನಿಜ, ಆದರೆ ಒಳ್ಳೆಯ ಹಲ್ಲು ಕೀಳಿಸಬೇಕಾಗಬಹುದು, ತೀವ್ರವಾಗಿದ್ದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು.

ಎರಡನೆಯ ಕಾರಣ ದಾವಣಗೆರೆಗೆ ಬಸ್ಸಿನ ಹಾದಿ. ಕ್ಲಿಪ್ ಒಂದು ದಿನದ ಕೆಲಸವಲ್ಲ. ಒಂದೂವರೆ ಎರಡು ವರ್ಷ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ ತಂತಿ ಸರಿಮಾಡಿಸಬೇಕು. ಪ್ರತಿ ಸಲವೂ ಅಪ್ಪನ ಒಂದು ದಿನದ ಕೂಲಿ, ಮಗುವಿನ ಒಂದು ದಿನದ ಪಾಠ ಹೋಗುತ್ತದೆ. ಜಗಳೂರಿನವರ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಅಲ್ಲಿನ ಕೊಳವೆಬಾವಿ ನೀರಿನ ಫ್ಲೋರೈಡ್ ಹಲ್ಲಿನ ಮೇಲ್ಪದರವನ್ನೇ ಕೆಡಿಸಿದೆ. ಹಲ್ಲಿಗೆ ಆಮ್ಲ ಸವರಿ, ಅಂಟು ಹಚ್ಚಿ, ನೀಲಿ ಬೆಳಕಿನಲ್ಲಿ ಗಟ್ಟಿಮಾಡಿ ಕೂರಿಸಿದ, ತಂತಿ ಹಿಡಿಯುವ ಬ್ರಾಕೆಟ್ ಅಂಥ ಹಲ್ಲಿನ ಮೇಲೆ ಸರಿಯಾಗಿ ನಿಲ್ಲುವುದಿಲ್ಲ. ಕಟಕಲು ರೊಟ್ಟಿಯನ್ನೋ ಕಬ್ಬನ್ನೋ ಕಚ್ಚಿದರೆ ಕಿತ್ತು ಬರುತ್ತದೆ, ಮತ್ತೆ ಬಸ್ಸು ಹತ್ತಬೇಕು. ನಡುವೆ ಬೇಸತ್ತು ಬಿಟ್ಟವರ ಹಲ್ಲು ಅರ್ಧಂಬರ್ಧ ಉಳಿಯುತ್ತದೆ. ಕೊನೆಯಲ್ಲಿ ಕೊಡುವ ರಿಟೇನರ್ ಹಾಕಿಕೊಳ್ಳದಿದ್ದರೆ ಸರಿಹೋದ ಹಲ್ಲೂ ಹಳೆಯ ಜಾಗದತ್ತ ಹೊರಡುತ್ತದೆ.

ಸರ್ಕಾರ ಏನೂ ಮಾಡಿಲ್ಲವೆನ್ನಲಾಗದು. ದಂತಭಾಗ್ಯ ಯೋಜನೆ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಟ್ಟಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಇವೆರಡರ ನಡುವೆ ಹದಿಹರೆಯದ ಉಬ್ಬು ಹಲ್ಲು ಯಾರ ಲೆಕ್ಕಕ್ಕೂ ಸೇರದೆ ಉಳಿಯಿತು. ಹಲ್ಲೆಲ್ಲ ಉದುರಿದ ಮೇಲೆ ನೆರವಾಗುವ ವ್ಯವಸ್ಥೆ, ಇರುವ ಹಲ್ಲು ಮುರಿಯದಂತೆ ಕಾಯಲು ಮುಂದಾಗದಿರುವುದು ಸರಿಯಲ್ಲ.

ಆಗಬೇಕಾದದ್ದು ದೊಡ್ಡದೇನಲ್ಲ. ಆರೋಗ್ಯ ಇಲಾಖೆಯೂ ದಂತ ಕಾಲೇಜುಗಳೂ ಕೈಜೋಡಿಸಿ, ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ತಿಂಗಳಿಗೊಂದು ದಿನ ಗೊತ್ತುಮಾಡಿ ವಕ್ರದಂತ ತಜ್ಞರನ್ನು ಕೂರಿಸಲಿ. ಬಡವರ ಮಕ್ಕಳ ಕ್ಲಿಪ್ಪಿನ ಖರ್ಚನ್ನು ಸರ್ಕಾರ ವಹಿಸಿಕೊಳ್ಳಲಿ. ಅಪ್ಪ ಅಮ್ಮಂದಿರೇ, ಮಗುವಿಗೆ ಹತ್ತು ತುಂಬಿದಾಗ ಒಮ್ಮೆ ಪಕ್ಕದಿಂದ ಅದರ ಹಲ್ಲು ನೋಡಿ. ಮುಂದೆ ಚಾಚಿದ್ದರೆ ಮದುವೆಯ ವಯಸ್ಸಿಗೆ ಕಾಯದೆ ಈಗಲೇ ವೈದ್ಯರಿಗೆ ತೋರಿಸಿ.