ಬಿಡಿಸದೆ ಉಳಿದಿದ್ದ ಕಲ್ಲುಗಳು



ತಿಮಿಂಗಿಲದ ಪೂರ್ವಜರು ನಾಲ್ಕು ಕಾಲಿನ ನೆಲವಾಸಿಗಳೆಂಬುದು ವಿಜ್ಞಾನಕ್ಕೆ ಹಳೆಯ ಸಂಗತಿ. ಅವುಗಳಿಗೆ ಅತಿ ಸಮೀಪದ ನೆಲಬಂಧು ಯಾವುದೆಂಬ ಪ್ರಶ್ನೆಗೆ ಬಲವಾದ ಉತ್ತರ ದೊರೆತದ್ದು ಜಮ್ಮು ಪ್ರಾಂತದ ರಜೌರಿ ಜಿಲ್ಲೆಯ ಕಾಲಾಕೋಟ್‌ನ ಕಲ್ಲುಗಳಿಂದ. ಅದೂ ಅವುಗಳನ್ನು ಸಂಗ್ರಹಿಸಿ ದಶಕಗಳೇ ಕಳೆದ ಮೇಲೆ. ಸಂಗ್ರಹಗಳನ್ನು ಹಳೆಯ ಸಾಮಾನೆಂದು ಮೂಲೆಗೆ ತಳ್ಳುವವರು ಈ ವೃತ್ತಾಂತವನ್ನು ಗಮನಿಸಬೇಕು.

ಭೂವಿಜ್ಞಾನಿ ಎ. ರಂಗರಾವ್ ಅವರು ಕಾಲಾಕೋಟ್‌ನಲ್ಲಿ ಈಯೋಸೀನ್ ಯುಗದ ಪಳೆಯುಳಿಕೆಗಳುಳ್ಳ ಕಲ್ಲುಗಳನ್ನು ಕೂಡಿಹಾಕಿದರು. ಕೆಲವು ಹಲ್ಲು ಮತ್ತು ದವಡೆಯ ತುಣುಕುಗಳನ್ನು ಆಧರಿಸಿ 1971ರಲ್ಲಿ ಒಂದು ಪ್ರಾಣಿಗೆ ‘ಇಂಡೋಹಯಸ್’ ಎಂದು ಹೆಸರಿಟ್ಟರು. ಉಳಿದ ಕಲ್ಲುಗಳು ಹಾಗೆಯೇ ಉಳಿದವು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಅವುಗಳನ್ನು ಜೋಪಾನವಾಗಿ ಕಾಪಾಡಿ, ಕೊನೆಗೆ ಅಮೆರಿಕದ ಸಂಶೋಧಕ ಹಾನ್ಸ್ ಟೆವಿಸೆನ್ ಅವರಿಗೆ ಒಪ್ಪಿಸಿದರು. ಕಲ್ಲಿನಿಂದ ಎಲುಬನ್ನು ಬಿಡಿಸುತ್ತಿದ್ದಾಗ ತಂತ್ರಜ್ಞರ ಕೈಯಲ್ಲಿ ತಲೆಬುರುಡೆಯೊಂದು ಆಕಸ್ಮಿಕವಾಗಿ ಮುರಿಯಿತು. ಕಿವಿಯ ಮೂಳೆ ಹೊರಕಂಡಿತು. ಅದರ ಒಳಗೋಡೆ ದಪ್ಪ, ಹೊರಗೋಡೆ ತೆಳು! ಅದುವರೆಗೆ ತಿಮಿಂಗಿಲ ವರ್ಗದಲ್ಲಿ ಮಾತ್ರ ಕಂಡಿದ್ದ ರಚನೆಯದು.

ಮುಂದಿನ ಅಧ್ಯಯನದಲ್ಲಿ ರೂರ್ಕಿಯ ಸುನಿಲ್ ಬಾಜಪೇಯಿ ಮೊದಲಾದವರೂ ಪಾಲುಗೊಂಡರು. 2007ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಸುಮಾರು 4 ಕೋಟಿ 80 ಲಕ್ಷ ವರ್ಷಗಳ ಹಿಂದೆ ಬದುಕಿದ್ದ, ಬೆಕ್ಕಿನ ಗಾತ್ರದ ಈ ಗೊರಸಿನ ಪ್ರಾಣಿಯ ಕಾಲೆಲುಬುಗಳ ಹೊರಪದರ ನೀರಾನೆಯದರಂತೆ ದಪ್ಪಗಿತ್ತು. ನೀರಿನಲ್ಲಿ ತೇಲಿಹೋಗದೆ ನಡೆಯಲು ಆ ಭಾರ ನೆರವಾಗುತ್ತದೆ. ಹಲ್ಲಿನಲ್ಲಿದ್ದ ಆಮ್ಲಜನಕದ ಐಸೋಟೋಪುಗಳೂ ನೀರಿನ ವಾಸವನ್ನೇ ಸೂಚಿಸಿದವು. ಆದರೆ ಅದರ ಆಹಾರ ಆದಿ ತಿಮಿಂಗಿಲಗಳದಾಗಿರಲಿಲ್ಲ. ಎಂದರೆ ಈ ವಂಶ ಮೊದಲು ನೀರಿಗಿಳಿದದ್ದು ಪ್ರಾಣ ಉಳಿಸಿಕೊಳ್ಳಲು, ಬೇಟೆಗೆ ಹೊರಳಿದ್ದು ಆಮೇಲೆ ಎಂಬುದು ಸಂಶೋಧಕರ ಊಹೆ. ನಮ್ಮ ಕಾಡಿನ ಬರ್ಕವನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು; ಅದರ ಆಫ್ರಿಕದ ನೆಂಟ ಇಂದಿಗೂ ಅಪಾಯ ಕಂಡೊಡನೆ ನೀರಿಗೆ ಧುಮುಕಿ ಅಡಗುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ರಂಗರಾವ್ ಕಲ್ಲು ಸಂಗ್ರಹಿಸಿದ ಕಾಲದಲ್ಲಿ ಹಲ್ಲಿನ ಐಸೋಟೋಪ್ ಪರೀಕ್ಷೆ ಇಂಥ ಅಧ್ಯಯನದಲ್ಲಿ ರೂಢಿಯಲ್ಲಿರಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಆಗ ಹುಟ್ಟಿರಲಿಲ್ಲ. ಎರಡನೆಯದಾಗಿ, ಯಾವ ಊರಿನ ಯಾವ ಶಿಲಾಸ್ತರದ್ದೆಂದು ತಿಳಿದಿದ್ದರಿಂದಲೇ ಆ ಎಲುಬುಗಳಿಗೆ ಕಾಲ ನಿರ್ಣಯಿಸಲು ಸಾಧ್ಯವಾಯಿತು. ಆ ಗುರುತು ಕಳೆದಿದ್ದರೆ ಅವು ಮೇಜಿನ ಮೇಲಣ ಅಲಂಕಾರವಷ್ಟೆ.

ಮಲೆನಾಡಿನ ಶಿಲೆಗಳು ಬಹುಪಾಲು 250 ಕೋಟಿ ವರ್ಷಗಳಿಗೂ ಹಳೆಯವು. ಅವುಗಳಲ್ಲಿ ಸಸ್ತನಿಗಳ ಎಲುಬನ್ನು ಹುಡುಕುವ ಶ್ರಮ ಬೇಡವೆಂದು ವಿದ್ಯಾರ್ಥಿ ಮಿತ್ರರಿಗೆ ಹೇಳಿಬಿಡುತ್ತೇನೆ. ಆದರೆ ಒಣಗಿಸಿಟ್ಟ ಸಸ್ಯಗಳು, ಹಳೆಯ ಭತ್ತದ ತಳಿಗಳ ಬೀಜ, ಮಣ್ಣಿನ ಮಾದರಿಗಳು ನಮ್ಮಲ್ಲೂ ಇವೆ. ಪಾಲಕರು ನಿವೃತ್ತರಾದ ಮರುವರ್ಷವೇ ಚೀಟಿಗಳು ಗೆದ್ದಲಿಗೆ ಆಹುತಿಯಾದ ಕಪಾಟುಗಳನ್ನು ನಾನು ಕಂಡಿದ್ದೇನೆ. ಕಾಲಾಕೋಟ್‌ನ ಕಲ್ಲುಗಳು ಉಳಿದದ್ದು ಒಬ್ಬ ಮಹಿಳೆಯ ನಿಷ್ಠೆಯಿಂದ. ಸಾರ್ವಜನಿಕ ಸಂಗ್ರಹಗಳು ಅಂಥ ಅದೃಷ್ಟವನ್ನು ನೆಚ್ಚಿ ಕೂರುವಂತಿಲ್ಲ. ದಾಖಲೆ ಪುಸ್ತಕ, ಒಣ ಕೊಠಡಿ, ಸಂಬಳದ ಪಾಲಕ, ಈ ಮೂರನ್ನು ನಮ್ಮ ಕಾಲೇಜುಗಳು ಮುಂದಿನ ಆಯವ್ಯಯದಲ್ಲಿಯೇ ಸೇರಿಸಲಿ. ಬರುವ ರಜೆಯಲ್ಲಿ ನಿಮ್ಮ ಕಾಲೇಜಿನ ಕಪಾಟನ್ನು ತೆರೆಸಿ ಪಟ್ಟಿ ಮಾಡಲು ಮುಂದಾಗುವ ವಿದ್ಯಾರ್ಥಿಗಳಿದ್ದರೆ ನಮಗೆ ಬರೆಯಿರಿ.