ಎರಡು ರಾತ್ರಿಯ ದೊರೆತನದ ಬೆಲೆ

ನಮ್ಮ ವಿವಾಹಕ್ಕೆ ನಲವತ್ತು ವರ್ಷ ತುಂಬಿದ ನೆನಪಿಗೆ ಮಗ ಮತ್ತು ಸೊಸೆ ಸೇರಿ ನಮಗೊಂದು ಉಡುಗೊರೆ ಕೊಟ್ಟರು. ಮಲೆನಾಡಿನ ಒಂದು ರೆಸಾರ್ಟಿನಲ್ಲಿ ಎರಡು ರಾತ್ರಿಗಳ ವಾಸ್ತವ್ಯ. ಅದು ಸಾಮಾನ್ಯ ರೆಸಾರ್ಟ್ ಅಲ್ಲ, ‘ಥೀಮ್’ ರೆಸಾರ್ಟ್. ಬ್ರಿಟಿಷರ ಕಾಲದ ಕಾಫಿ ತೋಟದ ಬದುಕೇ ಅಲ್ಲಿಯ ವಸ್ತು. ಹೆಂಚಿನ ಬಂಗಲೆ, ಉದ್ದನೆಯ ಜಗಲಿ, ಆರಾಮ ಕುರ್ಚಿ, ಗೋಡೆಯ ಮೇಲೆ ಹಳೆಯ ಬಂದೂಕಿನ ಪ್ರತಿಕೃತಿ, ತಲೆಗೆ ಪೇಟ ಸುತ್ತಿ ಸೊಂಟಕ್ಕೆ ಪಟ್ಟಿ ಬಿಗಿದ ಪರಿಚಾರಕರು. ಹೊರಡುವ ದಿನ ಬೆಳಿಗ್ಗೆ ಲಕೋಟೆಯಲ್ಲಿ ಬಿಲ್ಲು ಕೈಗೆ ಬಂತು. ರಾತ್ರಿಯೊಂದಕ್ಕೆ ಬಾಡಿಗೆ 35,000 ರೂಪಾಯಿ. ಎರಡು ರಾತ್ರಿಗೆ 70,000. ಅದರ ಮೇಲೆ ಶೇ 18ರಂತೆ ಜಿಎಸ್‌ಟಿ 12,600. ಒಟ್ಟು 82,600 ರೂಪಾಯಿ. ಹಣ ಮಗ ಮುಂಚೆಯೇ ಕಟ್ಟಿದ್ದ. ಕಾರು ಘಟ್ಟ ಇಳಿಯುವಾಗ ನನ್ನ ಪತ್ನಿ ಮೆಲ್ಲಗೆ ಕೇಳಿದಳು: ‘ಅಲ್ಲ ರೀ, ಇಷ್ಟು ದುಡ್ಡಿಗೆ ನಮಗೆ ಸಿಕ್ಕಿದ್ದಾದರೂ ಏನು?’

ಮೂರು ದಶಕಗಳ ಕಾಲ ಸರ್ಕಾರಿ ಕಡತಗಳ ಮೇಲೆ ‘ವೆಚ್ಚಕ್ಕೆ ತಕ್ಕ ಪ್ರಯೋಜನವಿದೆಯೇ, ಪರಿಶೀಲಿಸಿ’ ಎಂದು ಟಿಪ್ಪಣಿ ಬರೆದ ನನಗೆ ಆ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಈ ಪ್ರಶ್ನೆ ಈಗ ನನ್ನೊಬ್ಬನ ಮನೆಯದಲ್ಲ. ಇಬ್ಬರೂ ದುಡಿಯುವ ಮಧ್ಯಮ ವರ್ಗದ ಎಷ್ಟೋ ಮನೆಗಳಲ್ಲಿ ರಜೆಯ ಯೋಜನೆಯ ಜೊತೆಗೇ ಇದು ಏಳುತ್ತದೆ. ಆದ್ದರಿಂದ ಸಾವಧಾನವಾಗಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮೊದಲಿಗೆ, ಅಲ್ಲಿ ಮಾರಾಟವಾಗುವ ಸರಕು ಯಾವುದು? ಖಂಡಿತ ಕೋಣೆಯಲ್ಲ. ಹಾಸಿಗೆ, ಬಿಸಿನೀರು, ಶುಭ್ರವಾದ ಹೊದಿಕೆ ಇವೆಲ್ಲ ತಾಲ್ಲೂಕು ಕೇಂದ್ರದ ಒಳ್ಳೆಯ ವಸತಿಗೃಹದಲ್ಲಿ ಎರಡು ಸಾವಿರ ರೂಪಾಯಿಗೆ ದೊರೆಯುತ್ತವೆ. ಉಳಿದ ಮೂವತ್ಮೂರು ಸಾವಿರ ಒಂದು ಕಥೆಯ ಬೆಲೆ. ಆ ಕಥೆಯೊಳಗೆ ನಾವೂ ಒಂದು ಪಾತ್ರವಾಗುವ ಬೆಲೆ. ಜೋಸೆಫ್ ಪೈನ್ ಮತ್ತು ಜೇಮ್ಸ್ ಗಿಲ್ಮೋರ್ ಎಂಬ ಅಮೆರಿಕದ ಇಬ್ಬರು ಲೇಖಕರು 1998ರಲ್ಲೇ ಇದಕ್ಕೆ ‘ಅನುಭವದ ಅರ್ಥವ್ಯವಸ್ಥೆ’ ಎಂದು ಹೆಸರಿಟ್ಟರು. ಸರಕು ಮತ್ತು ಸೇವೆಗಳಲ್ಲಿ ಪೈಪೋಟಿ ಹೆಚ್ಚಿ ಲಾಭ ತೆಳುವಾದಾಗ ಉದ್ಯಮಿಗಳು ಅನುಭವವನ್ನೇ ಸರಕಾಗಿಸಿ ಮಾರುತ್ತಾರೆ ಎಂಬುದು ಅವರ ವಾದದ ತಿರುಳು. ಕಾಫಿ ಬೀಜಕ್ಕೆ ಒಂದು ಬೆಲೆ, ಲೋಟದ ಕಾಫಿಗೆ ಇನ್ನೊಂದು, ‘ದೊರೆಯ ಜಗಲಿಯಲ್ಲಿ ಕುಳಿತು ಕುಡಿದ ಕಾಫಿ’ಗೆ ಮತ್ತೊಂದು.

ಈ ವ್ಯಾಪಾರ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿ ಸಂಸ್ಥೆ 2022ರ ಮಾರ್ಚ್‌ನಲ್ಲಿ ತೆರೆದ ಹೋಟೆಲೊಂದು ನಿದರ್ಶನ. ‘ಸ್ಟಾರ್ ವಾರ್ಸ್’ ಚಲನಚಿತ್ರಗಳ ಲೋಕವನ್ನು ಆಧರಿಸಿದ ಅದು ಹೊರನೋಟಕ್ಕೆ ಹೋಟೆಲು, ಒಳಗೆ ಆಕಾಶನೌಕೆ. ಕೋಣೆಯ ಕಿಟಕಿಯಲ್ಲಿ ಕಾಣುತ್ತಿದ್ದುದು ಫ್ಲಾರಿಡಾದ ಬಿಸಿಲಲ್ಲ, ಪರದೆಯ ಮೇಲಿನ ನಕ್ಷತ್ರಗಳು. ಇಬ್ಬರಿಗೆ ಎರಡು ರಾತ್ರಿಯ ದರ ಸುಮಾರು 4,800 ಡಾಲರಿನಿಂದ ಆರಂಭವಾಗುತ್ತಿತ್ತು. ಅಲ್ಲಿ ತಂಗಿದವರಲ್ಲಿ ಹಲವರು ಅದನ್ನು ಮನಸಾರೆ ಮೆಚ್ಚಿದರು. ಆದರೂ ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 2023ರ ಸೆಪ್ಟೆಂಬರ್‌ನಲ್ಲಿ, ಅದು ಬಾಗಿಲು ಮುಚ್ಚಿತು. ಅಷ್ಟು ಹಣ ಕೊಟ್ಟು ಕಥೆಯೊಳಗೆ ಹೋಗಬಲ್ಲವರು ಒಮ್ಮೆ ಹೋಗಿ ಬಂದರು. ಅದೇ ಕಥೆಗೆ ಅಷ್ಟೇ ಹಣ ತೆತ್ತು ಮತ್ತೆ ಹೋಗುವವರು ವಿರಳ. ಬಳಸಿದಷ್ಟೂ ತುಷ್ಟಿಗುಣ ಇಳಿಯುತ್ತದೆ ಎಂದು ಅರ್ಥಶಾಸ್ತ್ರದ ಮೊದಲ ವರ್ಷದಲ್ಲಿ ಕಲಿಸುವ ನಿಯಮಕ್ಕೆ ಆಕಾಶನೌಕೆಯೂ ಹೊರತಲ್ಲ.

ನಮ್ಮ ದೇಶದ ಪರಂಪರೆ ಬೇರೆ ಬಗೆಯದು. ಇಲ್ಲಿ ಕಥೆಯನ್ನು ಹೊಸದಾಗಿ ಕಟ್ಟುವ ಅಗತ್ಯವೇ ಹಲವು ಕಡೆ ಇರಲಿಲ್ಲ. ಉದಯಪುರದ ಪಿಚೋಲಾ ಸರೋವರದ ನಡುವಿನ ಜಗ್ ನಿವಾಸ ಅರಮನೆ 1963ರಲ್ಲಿ ಹೋಟೆಲಾಯಿತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯ ಮೂಲಕ ರಾಜಧನ ರದ್ದಾದ ಮೇಲೆ ರಾಜಸ್ಥಾನದ ಎಷ್ಟೋ ಅರಮನೆಗಳು, ಕೋಟೆಮನೆಗಳು ಇದೇ ದಾರಿ ಹಿಡಿದವು. ನಮ್ಮ ಮೈಸೂರಿನಲ್ಲಿ ವೈಸ್‌ರಾಯ್‌ಗಳ ವಾಸ್ತವ್ಯಕ್ಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಕಟ್ಟಿಸಿದ ಲಲಿತ ಮಹಲ್ 1974ರಲ್ಲಿ ಹೋಟೆಲಾಯಿತು. 2008ರಲ್ಲಿ ಹಳಿಗಿಳಿದ ‘ಸುವರ್ಣ ರಥ’ ರೈಲಿನ ಬೋಗಿಗಳಿಗೆ ಕದಂಬ, ಗಂಗ, ಹೊಯ್ಸಳ, ರಾಷ್ಟ್ರಕೂಟ ಮೊದಲಾದ ರಾಜವಂಶಗಳ ಹೆಸರಿಟ್ಟು ನಾವೂ ಈ ಪೈಪೋಟಿಗೆ ಇಳಿದೆವು.

ಇಂಥ ವಾಸ್ತವ್ಯಗಳ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅತಿಥಿಗಳ ಹಣ ಬಾರದಿದ್ದರೆ ಆ ಅರಮನೆಗಳಲ್ಲಿ ಕೆಲವಾದರೂ ಇಂದು ಬಾವಲಿಗಳ ಬೀಡಾಗಿರುತ್ತಿದ್ದವು. ನೂರು ವರ್ಷದ ಮರದ ತೊಲೆಯನ್ನು, ಗಾರೆಯ ಗೋಡೆಯನ್ನು ಸುಸ್ಥಿತಿಯಲ್ಲಿಡುವ ಖರ್ಚು ಏನೆಂದು ಹಳೆಯ ತೊಟ್ಟಿಮನೆಯನ್ನು ಉಳಿಸಿಕೊಳ್ಳಲು ಹೆಣಗಿದವರಿಗೆ ಗೊತ್ತು. ಇನ್ನೊಂದು ವಾದವೂ ಇದೆ. ಲೀಫ್ ವ್ಯಾನ್ ಬೋವೆನ್ ಮತ್ತು ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಸ್ತುಗಳಿಗೆ ಖರ್ಚು ಮಾಡಿದ ಹಣಕ್ಕಿಂತ ಅನುಭವಗಳಿಗೆ ಖರ್ಚು ಮಾಡಿದ ಹಣ ಜನರಿಗೆ ಹೆಚ್ಚು ಸಂತೋಷ ಕೊಡುತ್ತದೆ. ಎಂಬತ್ತು ಸಾವಿರದ ಟಿ.ವಿ. ಆರು ತಿಂಗಳಲ್ಲಿ ಗೋಡೆಯ ಒಂದು ಭಾಗವಾಗಿಬಿಡುತ್ತದೆ; ಒಳ್ಳೆಯ ಪ್ರವಾಸ ನೆನೆದಷ್ಟೂ ಹಿರಿದಾಗುತ್ತದೆ. ಇದು ನಮ್ಮ ಅನುಭವಕ್ಕೂ ಒಪ್ಪುವ ಮಾತೇ.

ಆದರೆ ಅನುಭವ ಅಮೂಲ್ಯ ಎಂಬ ಮಾತ್ರಕ್ಕೆ ದುಬಾರಿ ಅನುಭವ ಹೆಚ್ಚು ಅಮೂಲ್ಯ ಎಂದು ಸಿದ್ಧವಾಗುವುದಿಲ್ಲ. ಜಾಹೀರಾತುಗಳು ಜಾಣತನದಿಂದ ಮುಚ್ಚಿಡುವುದು ಈ ವ್ಯತ್ಯಾಸವನ್ನೇ. ಥಾರ್ಸ್ಟೈನ್ ವೆಬ್ಲೆನ್ 1899ರಲ್ಲಿ ಗುರುತಿಸಿದಂತೆ, ಕೆಲವು ವೆಚ್ಚಗಳ ಉದ್ದೇಶ ಉಪಯೋಗಕ್ಕಿಂತ ಹೆಚ್ಚಾಗಿ ಪ್ರದರ್ಶನ. ಬೆಲೆ ಇಳಿದರೆ ಅವುಗಳ ಆಕರ್ಷಣೆಯೂ ಇಳಿಯುತ್ತದೆ. ನಾವಿದ್ದ ರೆಸಾರ್ಟಿನಲ್ಲಿ ಒಂದು ತರುಣ ಕುಟುಂಬ ಮಂಜು ಕವಿದ ಜಗಲಿಯಲ್ಲಿ ಫೋಟೊಕ್ಕೆ ನಿಲ್ಲಲು ಸರದಿ ಕಾಯುತ್ತಿತ್ತು. ಫೋಟೊ ಮುಗಿದೊಡನೆ ನಾಲ್ವರೂ ಒಳಗೆ ಹೋಗಿ ತಮ್ಮ ತಮ್ಮ ಮೊಬೈಲ್ ಹಿಡಿದು ಕುಳಿತರು. ಅವರನ್ನು ನಾನು ಹಳಿಯುವುದಿಲ್ಲ. ಆದರೆ ಅವರು ಹಣ ಕೊಟ್ಟದ್ದು ಮಂಜಿಗೋ, ಮಂಜಿನ ಫೋಟೊಕ್ಕೋ ಎಂಬುದು ಅವರಿಗೇ ಸ್ಪಷ್ಟವಿದ್ದರೆ ಒಳಿತು.

ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ನಮ್ಮ ಕೋಣೆಯ ಉಸ್ತುವಾರಿಗೆ ನೇಮಿಸಿದ್ದ ಹುಡುಗನಿಗೆ ಇಪ್ಪತ್ತೆರಡು ವರ್ಷ ಇರಬಹುದು. ಪ್ರತಿ ಮಾತಿಗೂ ‘ದೊರೆಗಳೇ’ ಎನ್ನುತ್ತಿದ್ದ. ಹಾಗೆನ್ನಬೇಕೆಂದು ತರಬೇತಿಯಲ್ಲಿ ಕಲಿಸಿದ್ದಾರಂತೆ. ‘ಸರ್ ಅಂದರೆ ಸಾಕಪ್ಪ’ ಎಂದಾಗ ನಕ್ಕು, ಊರು ಮನೆಯ ವಿಚಾರ ಹೇಳಿದ. ಅವನ ಅಜ್ಜ, ಮುತ್ತಜ್ಜ ಇಬ್ಬರೂ ಅದೇ ಸೀಮೆಯ ತೋಟಗಳ ಲೈನ್ ಮನೆಗಳಲ್ಲಿ ಬಾಳಿದ ಕೂಲಿಕಾರರು. ಮೇಸ್ತ್ರಿಗಳು ಕೊಟ್ಟ ಮುಂಗಡದ ಸಾಲಕ್ಕೆ ಕಟ್ಟುಬಿದ್ದು ಕರಾವಳಿಯಿಂದ, ಬಯಲುಸೀಮೆಯಿಂದ ಘಟ್ಟಕ್ಕೆ ಬಂದವರ, ಮಲೇರಿಯಾಕ್ಕೆ ಬಲಿಯಾದವರ ಬದುಕು ಆ ‘ಕಾಲ’ದ ಇನ್ನೊಂದು ಮುಖ. ರೆಸಾರ್ಟಿನ ಕಥೆಯಲ್ಲಿ ಜಗಲಿ ಇದೆ, ಲೈನ್ ಮನೆ ಇಲ್ಲ. ಮುತ್ತಜ್ಜ ಯಾರನ್ನು ದೊರೆ ಎಂದು ಕರೆಯಲೇಬೇಕಿತ್ತೋ, ಮರಿಮಗ ಆ ಮಾತನ್ನು ಸಂಬಳಕ್ಕೆ ಅಭಿನಯಿಸುತ್ತಾನೆ. ಅವನಿಗೆ ಇದರಿಂದ ಬೇಸರವಿದ್ದಂತೆ ಕಾಣಲಿಲ್ಲ. ಊರು ಬಿಟ್ಟು ಬೆಂಗಳೂರಿಗೆ ಹೋಗದೆ ಕೆಲಸ ಸಿಕ್ಕಿತಲ್ಲ ಎಂಬ ಸಮಾಧಾನವೇ ಇತ್ತು. ಬೇಸರವಾದದ್ದು ನನಗೆ. ನಾವು ಒಂದು ರಾತ್ರಿಗೆ ತೆತ್ತದ್ದು ತೋಟದ ಕಾರ್ಮಿಕನೊಬ್ಬನ ತಿಂಗಳ ಕೂಲಿಗಿಂತ ಬಹಳ ಹೆಚ್ಚು ಎಂಬ ಅರಿವು ಆ ರಾತ್ರಿಯ ಊಟದ ರುಚಿಯನ್ನು ಸ್ವಲ್ಪ ಕೆಡಿಸಿತು.

ಹಾಗೆಂದು ನೀತಿಬೋಧೆಗೆ ಇಳಿಯುವ ಮುನ್ನ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ಎಂಬತ್ತರ ದಶಕದ ಕೊನೆಯಲ್ಲಿ, ಸೇವೆಯ ಆರಂಭದ ವರ್ಷಗಳಲ್ಲಿ, ಇದೇ ಮಲೆನಾಡಿನ ಪ್ರವಾಸಿ ಮಂದಿರಗಳಲ್ಲಿ ನಾನು ಎಷ್ಟೋ ರಾತ್ರಿ ತಂಗಿದ್ದೇನೆ. ಅದೇ ಎತ್ತರದ ಹೆಂಚಿನ ಮಾಡು, ಅದೇ ಜಗಲಿ, ಅದೇ ಆರಾಮ ಕುರ್ಚಿ; ಅವು ಮಾತ್ರ ಪ್ರತಿಕೃತಿಗಳಲ್ಲ. ಮುಸ್ಸಂಜೆ ಮೇಟಿ ಲಾಟೀನು ತಂದಿಟ್ಟು, ರಾತ್ರಿಗೆ ಬಿಸಿ ಅನ್ನ, ಸಾರು, ಹಪ್ಪಳ ಬಡಿಸುತ್ತಿದ್ದ. ಕೊಡುತ್ತಿದ್ದ ಬಾಡಿಗೆ ಬೆರಳೆಣಿಕೆಯ ರೂಪಾಯಿಗಳು. ಈಗಿನ ರೆಸಾರ್ಟನ್ನು ಕಂಡು ‘ಇದನ್ನೆಲ್ಲ ನಾವು ಪುಕ್ಕಟೆ ಕಂಡಿದ್ದೇವೆ’ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು.

ಆದರೆ ಅದು ಪುಕ್ಕಟೆಯಾಗಿರಲಿಲ್ಲ. ಬೆಲೆಯನ್ನು ತೆರಿಗೆದಾರ ತೆರುತ್ತಿದ್ದ. ಮಳೆಯಲ್ಲಿ ಬಸ್ಸು ತಪ್ಪಿ ಮಕ್ಕಳೊಡನೆ ಬಂದ ಶಾಲಾ ಮಾಸ್ತರೊಬ್ಬರಿಗೆ, ಕೋಣೆ ಖಾಲಿಯಿದ್ದರೂ, ‘ಸಾಹೇಬರು ಬರುವವರಿದ್ದಾರೆ’ ಎಂದು ಮೇಟಿ ಬಾಗಿಲು ತೆರೆಯದಿದ್ದುದನ್ನು ನಾನು ಮರುದಿನ ತಿಳಿದೆ. ಆ ಸಾಹೇಬ ನಾನೇ. ಆ ಜಗಲಿಗೆ ಪ್ರವೇಶ ಹುದ್ದೆಯಿಂದ ದೊರೆಯುತ್ತಿತ್ತು, ಈ ಜಗಲಿಗೆ ಹಣದಿಂದ ದೊರೆಯುತ್ತದೆ. ಮಾರುಕಟ್ಟೆ ತನ್ನ ಬೆಲೆಯನ್ನು ಬಿಲ್ಲಿನಲ್ಲಿ ಬರೆದಾದರೂ ಕೊಡುತ್ತದೆ. ನಮ್ಮ ಕಾಲದ ದೊರೆತನಕ್ಕೆ ಬಿಲ್ಲೇ ಇರಲಿಲ್ಲ. ದುಬಾರಿ ರೆಸಾರ್ಟುಗಳನ್ನು ಟೀಕಿಸುವ ನನ್ನಂಥ ನಿವೃತ್ತರು ಈ ಮಾತನ್ನು ಒಪ್ಪಿಕೊಂಡು ಮುಂದುವರಿಯುವುದು ಪ್ರಾಮಾಣಿಕತೆ.

ಸರ್ಕಾರ ಇಲ್ಲಿ ಮಾಡಬಹುದಾದ ಕೆಲಸವಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ 7,500 ರೂಪಾಯಿಗೆ ಮೇಲ್ಪಟ್ಟ ಕೋಣೆಗಳ ಮೇಲೆ ಶೇ 28ರಷ್ಟಿದ್ದ ತೆರಿಗೆ 2019ರಲ್ಲಿ ಶೇ 18ಕ್ಕೆ ಇಳಿಯಿತು. 7,500ರವರೆಗಿನ ಕೋಣೆಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು ಸಾಮಾನ್ಯ ಪ್ರವಾಸಿಗೆ ನೆರವಾಗುವ ಹೆಜ್ಜೆ. ಆದರೆ ತೆರಿಗೆ ಇಳಿಸಿದರೆ ಸಾಲದು. ಲೋಕೋಪಯೋಗಿ ಮತ್ತು ಅರಣ್ಯ ಇಲಾಖೆಗಳ ಹಳೆಯ ತಂಗುದಾಣಗಳು ರಾಜ್ಯದ ಉದ್ದಗಲಕ್ಕೆ ಅತ್ಯಂತ ಸುಂದರ ಜಾಗಗಳಲ್ಲಿವೆ. ಅವುಗಳನ್ನು ಅಧಿಕಾರಿಗಳಿಗೆ ಬೇಕಿಲ್ಲದ ದಿನಗಳಲ್ಲಿ ನ್ಯಾಯವಾದ ದರಕ್ಕೆ, ಯಾರ ಶಿಫಾರಸೂ ಇಲ್ಲದೆ, ಮೊದಲು ಕೇಳಿದವರಿಗೆ ಮೊದಲು ಎಂಬ ಕ್ರಮದಲ್ಲಿ ಜನರಿಗೆ ತೆರೆಯಬೇಕು. ಬಂದ ಹಣವನ್ನು ಅದೇ ಕಟ್ಟಡದ ದುರಸ್ತಿಗೆ ಮೀಸಲಿಡಬೇಕು. ನಿಜವಾದ ಜಗಲಿ ಸೋರುತ್ತ ಕುಸಿಯುತ್ತಿರುವಾಗ ಅದರ ನಕಲಿಗೆ ಮೂವತ್ತೈದು ಸಾವಿರ ತೆರುವುದು ಸಮಾಜಕ್ಕೆ ಭೂಷಣವಲ್ಲ.

ಇನ್ನು ಮನೆಯ ಯಜಮಾನ, ಯಜಮಾನಿಯರಿಗೆ ನನ್ನ ಸಲಹೆ ಮೂರು. ಒಂದು, ಕಥೆ ಆ ನೆಲದ್ದೇ ಎಂದು ವಿಚಾರಿಸಿ. ಹಳೆಯ ಮನೆಯನ್ನು ಉಳಿಸಿ, ಊರಿನವರಿಗೆ ಅಡುಗೆಮನೆಯಿಂದ ಆಡಳಿತದವರೆಗೆ ಕೆಲಸ ಕೊಟ್ಟ ತಾಣಕ್ಕೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಸಿನಿಮಾ ಸೆಟ್ಟಿಗೆ ಕೊಡಬೇಡಿ. ಎರಡು, ಹೋಗುವುದೇ ಆದರೆ ಒಂದು ರಾತ್ರಿ ಸಾಕು. ಮಧ್ಯಾಹ್ನ ಎರಡಕ್ಕೆ ಒಳಹೊಕ್ಕು ಮೂರನೆಯ ದಿನ ಹನ್ನೊಂದಕ್ಕೆ ಹೊರಬಿದ್ದ ನಮಗೆ ಗಂಟೆಗೆ ಸುಮಾರು 1,835 ರೂಪಾಯಿ ಬಿತ್ತು, ನಿದ್ದೆಯ ಗಂಟೆಗಳೂ ಸೇರಿ. ಮೊದಲ ಸಂಜೆಯ ಬೆರಗು ಎರಡನೆಯ ಸಂಜೆ ಇರಲಿಲ್ಲ, ದರ ಮಾತ್ರ ಅಷ್ಟೇ ಇತ್ತು. ಎರಡನೆಯ ರಾತ್ರಿಯನ್ನು ಹತ್ತಿರದ ಹೋಮ್‌ಸ್ಟೇಯಲ್ಲಿ ಕಳೆದಿದ್ದರೆ ಹಣವೂ ಉಳಿಯುತ್ತಿತ್ತು, ಊರಿನವರ ಪರಿಚಯವೂ ಆಗುತ್ತಿತ್ತು. ಮೂರು, ಸಾಲ ಮಾಡಿ, ಕಂತು ಕಟ್ಟಿ ಹೋಗಬೇಡಿ. ಪ್ರವಾಸದ ಸವಿ ತೀರಿದ ಮೇಲೂ ಕಂತು ಉಳಿದರೆ ನೆನಪು ಕಹಿಯಾಗುತ್ತದೆ.

ಪತ್ನಿಯ ಪ್ರಶ್ನೆಗೆ ಬರುತ್ತೇನೆ. ಈ ಲೆಕ್ಕವನ್ನೆಲ್ಲ ದಾರಿಯುದ್ದಕ್ಕೂ ಒಪ್ಪಿಸಿ, ‘ಒಟ್ಟಿನಲ್ಲಿ ದಂಡ’ ಎಂದು ತೀರ್ಪು ಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಹೇಳಿದಳು: ‘ಬಂಗಲೆ, ಬಂದೂಕು, ಪೇಟ ನನಗೇನೂ ಬೇಕಿರಲಿಲ್ಲ ಬಿಡಿ. ಆದರೆ ನಿನ್ನೆ ಬೆಳಿಗ್ಗೆ ಆ ಹುಡುಗ ಬಂದು, ಅಮ್ಮ, ತಿಂಡಿಗೆ ನಿಮಗೆ ಏನು ಇಷ್ಟ ಅಂತ ಕೇಳಿದ. ನಲವತ್ತು ವರ್ಷದಿಂದ ಎಲ್ಲರನ್ನೂ ನಾನೇ ಕೇಳುತ್ತಾ ಬಂದಿದ್ದೇನೆ. ನನ್ನನ್ನು ಯಾರೂ ಕೇಳಿರಲಿಲ್ಲ.’

ನನ್ನ ಲೆಕ್ಕದಲ್ಲಿ ಈ ಬಾಬತ್ತು ಸೇರಿಯೇ ಇರಲಿಲ್ಲ. ಅವಳ ಪಾಲಿಗೆ ಆ ಹಣ ದಂಡವಾಗಿರಲಿಲ್ಲ ಎಂಬುದನ್ನು ಒಪ್ಪಲೇಬೇಕಾಯಿತು. ಆದರೆ ಅವಳಿಗೆ ದಕ್ಕಿದ ಸುಖ ಬಿಲ್ಲಿನ ಯಾವ ಸಾಲಿನಲ್ಲೂ ನಮೂದಾಗಿರಲಿಲ್ಲ. ಅದಕ್ಕೆ ಘಟ್ಟ ಹತ್ತಬೇಕಾಗಿಯೂ ಇರಲಿಲ್ಲ. ಆ ಮಾತನ್ನು ಎಂದೋ ಕೇಳಬಹುದಾಗಿದ್ದವನು ಪಕ್ಕದಲ್ಲೇ ಕಾರು ಓಡಿಸುತ್ತಿದ್ದ.