ಬಂದೂಕಿನ ಅರ್ಜಿಗೆ ‘ಸಕಾರಣ’ ಯಾವುದು?

ಶಹಾಪುರ ತಾಲೂಕಿನ ವನದುರ್ಗದಲ್ಲಿ ಸುರಪುರದ ನಾಯಕರ ಕಾಲದ ಕೋಟೆಯೊಂದಿದೆ. ಈ ಸೀಮೆಯ ಬೇಡರು ಬಂದೂಕಿನ ಗುರಿಗೆ ಹೆಸರಾದವರು. 1705ರಲ್ಲಿ ಔರಂಗಜೇಬನ ಭಾರೀ ಸೇನೆ ಅವರ ವಾಗಣಗೇರಾ ಕೋಟೆಯ ಮುಂದೆ ತಿಂಗಳುಗಟ್ಟಲೆ ಬೀಡುಬಿಡಬೇಕಾಯಿತು. ಅದೇ ನೆಲದ ರೈತನೊಬ್ಬ ಇಂದು ಕಾಡುಹಂದಿಯ ಹಾವಳಿಗೆಂದು ಒಂದು ನಳಿಗೆಯ ಬಂದೂಕು ಬೇಕೆಂದರೆ, ಯಾದಗಿರಿಯ ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೆದು, ಠಾಣೆಯ ವರದಿಗಾಗಿ ಕಾಯಬೇಕು. ಇದನ್ನು ಅವಮಾನವೆಂದು ಭಾವಿಸುವವರಿದ್ದಾರೆ. ನಾವು ಹಾಗೆ ಭಾವಿಸುವುದಿಲ್ಲ. ಆದರೆ ಈ ಅರ್ಜಿಯ ಹಿಂದೆ ಒಂದು ಕಹಿ ಚರಿತ್ರೆ ಇದೆ ಎಂಬುದನ್ನು ಮರೆಯುವಂತೆಯೂ ಇಲ್ಲ.

1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಪೀಳಿಗೆಗಳಿಂದ ಇಟ್ಟುಕೊಂಡ ಆಯುಧವನ್ನು ಸರಕಾರದ ಮುಂದೆ ನೋಂದಾಯಿಸಲು ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಬಂಡಾಯಗಾರರು ಗಲ್ಲಿಗೇರಿದರು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕರ ಹೋರಾಟವೂ ಮುರಿದುಬಿತ್ತು. 1878ರ ಶಸ್ತ್ರಾಸ್ತ್ರ ಕಾಯ್ದೆಯಂತೂ ಭಾರತೀಯನಿಗೆ ಪರವಾನಗಿ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂಬುದನ್ನು ಚರ್ಮದ ಬಣ್ಣ ನೋಡಿ ತೀರ್ಮಾನಿಸಿದ ಕಾನೂನು ಅದು.

ಸ್ವತಂತ್ರ ಭಾರತ ಆ ಕಾಯ್ದೆಯನ್ನು ಕಿತ್ತುಹಾಕಿ 1959ರಲ್ಲಿ ಹೊಸದೊಂದನ್ನು ರಚಿಸಿತು. 1962ರ ಅಕ್ಟೋಬರ್‌ನಿಂದ ಅದು ಜಾರಿಯಲ್ಲಿದೆ. ಅದರ 13 ಮತ್ತು 14ನೆಯ ಕಲಮುಗಳನ್ನು ಅರ್ಜಿದಾರರು ಮಾತ್ರವಲ್ಲ, ಅರ್ಜಿ ವಿಚಾರಿಸುವ ಅಧಿಕಾರಿಗಳೂ ಒಮ್ಮೆ ಸಾವಧಾನವಾಗಿ ಓದಬೇಕು. ಬೆಳೆ ರಕ್ಷಣೆಗೆ ಮೂತಿಯಿಂದ ಮದ್ದು ತುಂಬುವ ಬಂದೂಕು, ಆತ್ಮರಕ್ಷಣೆಗೋ ಕ್ರೀಡೆಗೋ ಕನಿಷ್ಠ 20 ಅಂಗುಲ ನಳಿಗೆಯ ನಯನಳಿಗೆ ಬಂದೂಕು ಕೇಳಿದ ನಾಗರಿಕನ ವಿಷಯದಲ್ಲಿ ಕಾನೂನು ಉದಾರವಾಗಿದೆ. ಅವನು ಅನರ್ಹನಲ್ಲದಿದ್ದರೆ ಪರವಾನಗಿ ಕೊಡಬೇಕೆಂಬುದೇ ಅದರ ಧಾಟಿ. ರೈಫಲ್ ಹಾಗಲ್ಲ. ಅದಕ್ಕೆ ‘ಸಕಾರಣ’ ಇದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಸೇನೆ ಮತ್ತು ಪೊಲೀಸರ ಗುಂಡು ಹಿಡಿಸುವ .303 ಅಥವಾ 7.62 ಮಿ.ಮೀ. ರೈಫಲ್‌ಗಳು ನಿರ್ಬಂಧಿತ ವರ್ಗಕ್ಕೆ ಸೇರಿದವು. ಸಾಮಾನ್ಯರ ಕೈಯಲ್ಲಿ ಹೆಚ್ಚಾಗಿ .315 ಬೋರ್‌ನ ರೈಫಲ್ ಕಾಣಸಿಗುವುದು ಈ ಕಾರಣದಿಂದಲೇ.

ಇನ್ನು ಸೈಲೆನ್ಸರ್. ಸಿನಿಮಾ ನೋಡಿ ಬೆಳೆದ ನಮ್ಮ ಹುಡುಗರಿಗೆ ಇದರ ಮೇಲೆ ವಿಚಿತ್ರ ವ್ಯಾಮೋಹ. ಅಸಲಿಗೆ ಅದು ಸದ್ದನ್ನು ನುಂಗಿಹಾಕುವ ಮಾಯಾಯಂತ್ರವಲ್ಲ. ರೈಫಲ್ ಸಿಡಿದಾಗ ಕಿವಿಗೆ ಬೀಳುವ ಸದ್ದು 140 ಡೆಸಿಬಲ್‌ಗಿಂತ ಹೆಚ್ಚು. ಒಂದೇ ಹೊಡೆತಕ್ಕೆ ಶ್ರವಣಶಕ್ತಿಗೆ ಹಾನಿಯಾಗಬಲ್ಲ ಮಟ್ಟವದು. ಸೈಲೆನ್ಸರ್ ಅದರಲ್ಲಿ 20-30 ಡೆಸಿಬಲ್ ತಗ್ಗಿಸುತ್ತದೆ, ಅಷ್ಟೇ. ಬ್ರಿಟನ್ನಿನಲ್ಲಿ ಜಿಂಕೆ ಬೇಟೆಯವರು, ರೈತರು ಕಿವಿಯ ರಕ್ಷಣೆಗೆಂದು ರೈಫಲ್‌ಗೆ ‘ಸೌಂಡ್ ಮಾಡರೇಟರ್’ ಜೋಡಿಸಿಕೊಳ್ಳುವುದು ದಶಕಗಳಿಂದ ವಾಡಿಕೆ. ಪೊಲೀಸರು ನೀಡುವ ಪ್ರಮಾಣಪತ್ರದಲ್ಲಿ ಅದನ್ನು ನಮೂದಿಸುವ ಪದ್ಧತಿಯೂ ಅಲ್ಲಿ ಬೆಳೆದುಬಂದಿದೆ. ನಮ್ಮಲ್ಲಿ ಹಾಗಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಬಂದೂಕಿನ ಸದ್ದನ್ನೋ ಬೆಳಕನ್ನೋ ಕುಗ್ಗಿಸುವ ಸಾಧನವನ್ನು ನಿಷೇಧಿತ ಆಯುಧಗಳ ಜೊತೆಗೇ ಮೊದಲನೆಯ ವರ್ಗದಲ್ಲಿರಿಸಿವೆ. ಜಿಲ್ಲಾಧಿಕಾರಿಯ ಕಚೇರಿಯಲ್ಲಿ ಇದಕ್ಕೆ ಅರ್ಜಿ ಹಾಕಿ ಫಲವಿಲ್ಲ. ರೈಫಲ್‌ನ ಪರವಾನಗಿ ಕೈಯಲ್ಲಿದ್ದವನಿಗೂ ಸೈಲೆನ್ಸರ್ ಇಟ್ಟುಕೊಳ್ಳುವ ಹಕ್ಕು ಅದರಿಂದ ಬರುವುದಿಲ್ಲ. ಬಿಡಿಭಾಗವೆಂಬ ಹೆಸರಿನಲ್ಲಿ ತರಿಸಿಕೊಂಡವನು, ಅಥವಾ ಲೇತ್ ಅಂಗಡಿಯಲ್ಲಿ ಮಾಡಿಸಿಕೊಂಡವನು, ವರ್ಷಗಟ್ಟಲೆ ಸೆರೆವಾಸಕ್ಕೆ ತಾನೇ ದಾರಿ ಮಾಡಿಕೊಂಡಂತೆ.

ಈ ಕಟ್ಟುಪಾಡು ಸರಿಯೆಂದೇ ನಮ್ಮ ಅಭಿಪ್ರಾಯ. ಕಿವಿಯ ರಕ್ಷಣೆಗೆ ಅಗ್ಗದ ಕಿವಿಗವಸು ಸಾಕು. ನಮ್ಮ ಹಳ್ಳಿಗಳಲ್ಲಿ ರಾತ್ರಿ ಗುಂಡಿನ ಸದ್ದಾದರೆ ನಾಲ್ಕು ಮನೆಯ ದೀಪ ಹೊತ್ತುತ್ತವೆ. ಕಳ್ಳಬೇಟೆಗಾಗಲೀ ಕೊಲೆಗಾಗಲೀ ಮೊದಲ ಸಾಕ್ಷಿ ಆ ಸದ್ದೇ.

ಬೆಳೆ ಕಾಯಲು ಬಂದೂಕು ಪಡೆದವರಿಗೆ ಇನ್ನೊಂದು ಮಾತು. ಶಸ್ತ್ರಾಸ್ತ್ರ ಪರವಾನಗಿಯು ಬೇಟೆಯ ಪರವಾನಗಿಯಲ್ಲ. ಕಾಡುಹಂದಿಯಾದರೂ ಸರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರಿಂದ ಅಥವಾ ಅವರು ಅಧಿಕಾರ ಕೊಟ್ಟವರಿಂದ ಲಿಖಿತ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ. ಕೃಷ್ಣಮೃಗದ ಗೊಡವೆಗಂತೂ ಹೋಗಲೇಬಾರದು.

ಈಗ ನಮ್ಮವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. “ಅರ್ಜಿ ಹಾಕಿದರೆ ಹೆಸರು ನೋಡಿಯೇ ಪಕ್ಕಕ್ಕಿಡುತ್ತಾರೆ, ಸುಮ್ಮನೆ ಪೊಲೀಸರ ಕಣ್ಣಿಗೆ ಯಾಕೆ ಬೀಳಬೇಕು?” ಎಂಬ ಮಾತು ಪಟ್ಟಣಗಳ ಮುಸ್ಲಿಮ್ ಮನೆಗಳಲ್ಲಿ ಹೊಸತಲ್ಲ. ಅರ್ಜಿದಾರನ ಧರ್ಮ, ಜಾತಿ ನಿರಾಕರಣೆಗೆ ಕಾರಣವಾಗಲು ಕಾನೂನಿನಲ್ಲಿ ಎಲ್ಲೂ ಆಸ್ಪದವಿಲ್ಲ. ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ನೆಪದಿಂದ ನಿರಾಕರಿಸುವಂತಿಲ್ಲ ಎಂದು 14ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು. ಕೇಳಿದಾಗ ಅದರ ಸಾರಾಂಶ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆಯೆಂದು ಕಂಡರೆ ಮಾತ್ರ ಅದನ್ನು ತಡೆಹಿಡಿಯಬಹುದು. ಅದರ ಮೇಲೆ ಮೇಲ್ಮನವಿಗೆ ಅವಕಾಶವಿದೆ. ಹೀಗಿರುವಾಗ ಬಾಯಿಮಾತಿನ “ಆಗುವುದಿಲ್ಲ”ಕ್ಕೆ ತಲೆಬಾಗಿ ಹಿಂದಿರುಗುವುದು ಯಾಕೆ? ಲಿಖಿತ ಆದೇಶ ಕೇಳಿ ಪಡೆಯಬೇಕು. ಹಾಗಂತ ಪ್ರತಿಯೊಂದು ನಿರಾಕರಣೆಯಲ್ಲೂ ಪಕ್ಷಪಾತವನ್ನೇ ಹುಡುಕುವುದೂ ನ್ಯಾಯವಲ್ಲ. ನಿಜವಾದ ಕಾರಣವಿಲ್ಲದೆ, ಪಕ್ಕದ ಸಾಹುಕಾರನ ಬಳಿ ಇದೆಯೆಂದು ಕೇಳಿದ ಅರ್ಜಿ ತಿರಸ್ಕೃತವಾದರೆ ಅಧಿಕಾರಿಯನ್ನು ದೂರಿ ಪ್ರಯೋಜನವಿಲ್ಲ.

ಕೊಡಗಿನ ಉದಾಹರಣೆ ಕೊಟ್ಟು ವಾದಿಸುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದು ಅಲ್ಲಿನ ಸಂಪ್ರದಾಯಕ್ಕೆ ಸಂದ ಅಪವಾದ. ಹಲಗಲಿಯವರಿಗೆ ಗಲ್ಲು, ಇನ್ನೊಬ್ಬರಿಗೆ ವಿಶ್ವಾಸ ಎಂಬ ಚರಿತ್ರೆಯ ವಿಪರ್ಯಾಸ ಅದರಲ್ಲಿದೆಯಾದರೂ, ಎಲ್ಲರ ಮನೆಗೂ ಬಂದೂಕು ಬರುವುದು ಅದಕ್ಕೆ ಪರಿಹಾರವಲ್ಲ.

ಗಲಭೆಯ ಭಯದಿಂದ ಬಂದೂಕು ಬಯಸುವವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಬೀದಿಯಲ್ಲಿ ಗುಂಪು ಸೇರಿದಾಗ ಕಪಾಟಿನಲ್ಲಿರುವ ಒಂದು ಬಂದೂಕು ಯಾರನ್ನು ಕಾಪಾಡೀತು? ಅದರಿಂದ ಸಿಡಿದ ಒಂದು ಗುಂಡು ಇಡೀ ಮೊಹಲ್ಲಾವನ್ನು ಆರೋಪಿ ಸ್ಥಾನದಲ್ಲಿ ನಿಲ್ಲಿಸಬಲ್ಲದು. ಮನೆಯಲ್ಲಿರುವ ಬಂದೂಕು ಹೊರಗಿನ ಶತ್ರುವಿಗಿಂತ ಮನೆಯ ಮಕ್ಕಳಿಗೆ, ಮನಸ್ಸು ಕುಗ್ಗಿದ ಯುವಕನಿಗೆ ಹೆಚ್ಚು ಅಪಾಯಕಾರಿ. 2016ರ ನಿಯಮಗಳು ಮಾನಸಿಕ ಆರೋಗ್ಯವನ್ನೂ ಒಳಗೊಂಡ ವೈದ್ಯಕೀಯ ಪ್ರಮಾಣಪತ್ರ, ಸುರಕ್ಷಿತ ಬಳಕೆಯ ತರಬೇತಿ ಕೇಳುವುದು ಸುಮ್ಮನೆ ಅಲ್ಲ. ಜೀವರಕ್ಷಣೆ ಸರಕಾರದ ಹೊಣೆ. ಆ ಹೊಣೆಯಿಂದ ಅದನ್ನು ನಾವಾಗಿ ಬಿಡುಗಡೆ ಮಾಡಬಾರದು.

ಅಷ್ಟಕ್ಕೂ ಈ ರಾಜ್ಯದಲ್ಲಿ ನಾವು ಹೆದರಬೇಕಾದದ್ದು ಪರವಾನಗಿಯ ಬಂದೂಕಿಗಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದು ನಾಡ ಪಿಸ್ತೂಲು. ಆಯುಧ ಹೊಂದುವುದು ಅಮೆರಿಕದಂತೆ ಇಲ್ಲಿ ಮೂಲಭೂತ ಹಕ್ಕಲ್ಲವೆಂದು 2023ರಲ್ಲಿ ಸುಪ್ರೀಮ್ ಕೋರ್ಟು ನೆನಪಿಸಿದ್ದು ಅಕ್ರಮ ಬಂದೂಕುಗಳ ಹಾವಳಿಯನ್ನು ಕಂಡೇ. ಅರ್ಜಿ ಬರೆಯುವವನ ಮೇಲೆ ಹತ್ತು ಪ್ರಶ್ನೆ ಎಸೆಯುವ ವ್ಯವಸ್ಥೆ, ಅರ್ಜಿಯೇ ಬರೆಯದವನ ಬೆನ್ನು ಹತ್ತುವುದರಲ್ಲಿ ಅಷ್ಟೇ ಚುರುಕು ತೋರಬೇಕು.

ಪರವಾನಗಿ ಇದ್ದವರ ಹೊಣೆಯೂ ಕಡಿಮೆಯಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಪರವಾನಗಿಯ ಅವಧಿ ಐದು ವರ್ಷ. ಮದುವೆಯ ಸಡಗರದಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಕೊನೆಯದಾಗಿ, ನಿಜಾಮರ ಕಾಲದ ಇನಾಮುದಾರರ, ಪಟೇಲರ ಮನೆಗಳಿಗೆ ಒಂದು ಮಾತು. ಅಜ್ಜನ ಬಂದೂಕು ಅಜ್ಜನ ಹೊಲದಂತೆ ವಾರಸುದಾರರಿಗೆ ತಾನಾಗಿ ಬರುವುದಿಲ್ಲ. ಪರವಾನಗಿ ಪಡೆದವರು ತೀರಿಕೊಂಡ ಮೇಲೆ ಅದನ್ನು ಅಟ್ಟದಲ್ಲಿ ಸುತ್ತಿಟ್ಟುಕೊಂಡಿರುವುದೇ ಅಪರಾಧ. ಠಾಣೆಗೋ ಪರವಾನಗಿ ಪಡೆದ ಬಂದೂಕಿನ ಅಂಗಡಿಗೋ ಒಪ್ಪಿಸಿ, ರಸೀದಿ ಪಡೆದು, ಬೇಕಾದವರು ತಮ್ಮ ಹೆಸರಿನಲ್ಲಿ ಹೊಸ ಅರ್ಜಿ ಹಾಕಲಿ.